ತಲೆದೂಗುವ ಬೇಲಿ

ಬೇಸಗೆ ಮುಗಿಯಲು ಬಂದಿತ್ತು. ಕೊಯ್ದ ಹುಲ್ಲು ಒಣಗಿ ಬಣವೆಯಾಗಿತ್ತು. ಗಾಳಿ ಬೀಸಿದಾಗಲೆಲ್ಲ ಅಂಗಳದ ತುಂಬ ಅದರ ಹೊಟ್ಟು ಹಾರುತ್ತಿತ್ತು. ಕಾಡಿನ ಇಳಿಜಾರಿನಲ್ಲಿ ಕಡಿದು ಕೆಡವಿದ ಮರಗಳು ಕೊಂಬೆ ಸವರಿಸಿಕೊಂಡು ಬಿದ್ದಿದ್ದವು. ಮಳೆ ಹಿಡಿದು ನೆಲ ಮೆತ್ತಗಾಗುವ ಮುಂಚೆ ಅವನ್ನೆಲ್ಲ ರಸ್ತೆಯ ಅಂಚಿಗೆ ಎಳೆದು ತರಬೇಕು. ಟ್ರ್ಯಾಕ್ಟರು ಹತ್ತದ ಜಾಗ ಅದು. ಅಲ್ಲಿಗೆ ಕುದುರೆಯೇ ಆಗಬೇಕು. ಕುದುರೆಯ ಹಿಂದೆ ಸರಪಳಿ, ಮುಂದೆ ಕುದುರೆಯ ಮನಸ್ಸು ಬಲ್ಲ ಒಬ್ಬ ಮನುಷ್ಯ.

ಆ ಮನುಷ್ಯನನ್ನು ಸುತ್ತಿನವರು ದಿಮ್ಮಿಯಣ್ಣ ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವನ ಅಕ್ಕನಿಗೊಬ್ಬಳಿಗೆ ನೆನಪಿದ್ದರೆ ಹೆಚ್ಚು. ಆ ಬೆಳಿಗ್ಗೆ ಅವನು ಲಾಯದ ಬಾಗಿಲಲ್ಲಿ ಕೂತು ಕುದುರೆಯ ಕೊರಳಪಟ್ಟಿಯ ಬಿಟ್ಟುಹೋದ ಹೊಲಿಗೆಗೆ ಮೇಣ ತೀಡಿದ ದಾರ ಹಾಕುತ್ತಿದ್ದ. ಹೊಲಿಯುವುದೇನೋ ಸರಿ, ತೊಡಿಸುವುದು ಯಾರಿಗೆ ಎಂಬುದೇ ಅವನ ಚಿಂತೆ. ಲಾಯದೊಳಗಿದ್ದ ಮುದಿ ಕುದುರೆಯ ಮೊಣಕಾಲು ಊದಿ ತಿಂಗಳುಗಳಾಗಿದ್ದವು. ಸಣ್ಣ ದಿಮ್ಮಿಗಳನ್ನು ಎಳೆಯುತ್ತಿತ್ತು, ಅದೂ ಅರ್ಧ ದಾರಿಯಲ್ಲಿ ನಿಂತು, ಇನ್ನೂ ಎಷ್ಟು ದೂರ ಎಂದು ಕೇಳುವವರ ಹಾಗೆ ತಿರುಗಿ ನೋಡಿ. ಹೊಸ ಕುದುರೆ ಬಾರದಿದ್ದರೆ ಈ ವರ್ಷದ ಮರ ಕಾಡಿನಲ್ಲೇ ಕೊಳೆಯುತ್ತದೆ. ಮುಂದಿನ ವರ್ಷ ಮರ ಕೊಯ್ಯುವ ಸಾಮಿಲ್ಲಿನವರು ಈ ಕೆಲಸಕ್ಕೆ ಬೇರೆ ಯಾರನ್ನೋ ಕರೆಯುತ್ತಾರೆ. ಅಲ್ಲಿಗೆ ದಿಮ್ಮಿಯಣ್ಣ ಎಂಬ ಹೆಸರೂ ಬಾಯಿಮಾತಿಗೆ ಉಳಿದ ಹಾಗೆ.

ಹೊಸ ಕುದುರೆ ಇದ್ದದ್ದು ಭಾವನ ಮನೆಯಲ್ಲಿ. ತೊಡಕು ಇದೇ.

ಭಾವ ಎಂದರೆ ಅಕ್ಕನ ಗಂಡ. ಹೊಳೆಯಾಚೆಯ ಗುಡ್ಡದ ನೆತ್ತಿಯಲ್ಲಿ ಕುದುರೆ ಸಾಕಿ, ಮರಿ ಮಾಡಿಸಿ, ಪಳಗಿಸಿ ಕೊಡುವವನು. ಮಾತು ಕಡಿಮೆ, ಆ ಕಡಿಮೆ ಮಾತಿನಲ್ಲೂ ಅರ್ಧ ನುಂಗುವವನು. ಕೆಲವು ವರ್ಷಗಳ ಹಿಂದೆ ಅವನಿಂದ ತಂದ ಒಂದು ಕುದುರೆ ನೀರು ಕಂಡರೆ ಹೆದರುತ್ತಿತ್ತು. ಹೊಳೆಯ ದಡಕ್ಕೆ ಬಂದರೆ ನಾಲ್ಕೂ ಕಾಲು ನೆಟ್ಟು ನಿಲ್ಲುತ್ತಿತ್ತು. ಯಾಕೆ ಮೊದಲೇ ಹೇಳಲಿಲ್ಲ ಎಂದು ದಿಮ್ಮಿಯಣ್ಣ ಕೇಳಿದ್ದಕ್ಕೆ, ನೀನು ಕೇಳಲಿಲ್ಲವಲ್ಲ ಎಂದಿದ್ದ ಭಾವ. ಅಂದಿನಿಂದ ದಿಮ್ಮಿಯಣ್ಣ ಆ ಅಂಗಳ ತುಳಿದಿರಲಿಲ್ಲ. ಅಕ್ಕ ಮಾತ್ರ ಫೋನಿನಲ್ಲಿ ಎರಡೂ ಕಡೆಯ ಮಾತನ್ನು ಹೊತ್ತು, ಹೊರಟಲ್ಲಿ ಇದ್ದ ಖಾರವನ್ನು ದಾರಿಯಲ್ಲಿ ತೆಗೆದು ಮುಟ್ಟಿಸುತ್ತಿದ್ದಳು. ಈಗಲೂ ಅವಳೇ ಕುದುರಿಸಿದ್ದು: ಭಾವ ಒಂದು ಹೆಣ್ಣುಕುದುರೆ ಕೊಡುವುದು, ಅದಕ್ಕೆ ಮುಯ್ಯಿಯಾಗಿ ದಿಮ್ಮಿಯಣ್ಣ ಭಾವನ ಇಳಿಜಾರಿನಲ್ಲಿ ಬಿದ್ದಿರುವ ಮರಗಳನ್ನು ಮಳೆಗೆ ಮುಂಚೆ ಎಳೆದುಕೊಡುವುದು. ದುಡ್ಡಿನ ಮಾತಿಲ್ಲ; ಮೈಮುರಿದು ತೀರಿಸುವ ಲೆಕ್ಕ.

ಆದರೆ ನೋಡದೆ ಕುದುರೆ ತರುವುದು ಹೇಗೆ, ಹೋಗದೆ ನೋಡುವುದು ಹೇಗೆ? ಈ ಗಂಟು ಬಿಡಿಸಿದವಳು ಸೊಸೆ.

ಮಗ ಸಾಮಿಲ್ಲಿನ ಲಾರಿ ಓಡಿಸುತ್ತಿದ್ದ, ವಾರದ ಬಹುಪಾಲು ದಾರಿಯಲ್ಲೇ. ಮನೆಯಲ್ಲಿ ಉಳಿಯುತ್ತಿದ್ದವರು ಮಾವ, ಸೊಸೆ ಇಬ್ಬರೇ. ಸೊಸೆ ಕಾಡಿನ ಕೆಲಸಕ್ಕೂ ಬರುತ್ತಿದ್ದಳು. ಮೊದಲು ಬೇಡವೆಂದಿದ್ದ ದಿಮ್ಮಿಯಣ್ಣ, ಸರಪಳಿ ಸಿಕ್ಕಿಸುವುದರಲ್ಲಿ ಅವಳ ಕೈಚುರುಕು ನೋಡಿ ಸುಮ್ಮನಾಗಿದ್ದ. ಬಿಡುವಿನಲ್ಲಿ ಅವಳದು ಇನ್ನೊಂದು ಕಸುಬು. ಪೇಟೆಯ ಒಬ್ಬ ದಲ್ಲಾಳಿಗೆ ಮಾರಾಟದ ಮನೆಗಳ ವಿಡಿಯೋ ಮಾಡಿಕೊಡುತ್ತಿದ್ದಳು. ಅದಕ್ಕಾಗಿ ಅವಳ ಹತ್ತಿರ ಒಂದು ಕೋಲಿತ್ತು. ಗಿಂಬಲ್ ಎಂದು ಅವಳು ಹೇಳುತ್ತಿದ್ದಳು. ಗೇಣುದ್ದದ ಹಿಡಿ, ಅದರ ಮೇಲೆ ಏಡಿಯ ಕಾಲಿನ ಹಾಗೆ ಮಡಿಸಿದ ತೋಳು, ತೋಳಿನ ತುದಿಯಲ್ಲಿ ಫೋನ್ ಕಚ್ಚಿಕೊಳ್ಳುವ ಚಿಮುಟ. ಗುಂಡಿ ಒತ್ತಿದರೆ ಸಣ್ಣಗೆ ಗುಂಯ್ ಎನ್ನುತ್ತ ಫೋನು ತಾನಾಗಿ ನೆಟ್ಟಗಾಗುತ್ತಿತ್ತು.

ನಾನು ಹೋಗಿ ಕುದುರೆಯ ವಿಡಿಯೋ ತರುತ್ತೇನೆ, ಏನೇನು ತೆಗೆಯಬೇಕು ಹೇಳಿ ಎಂದು ಅವಳು ಕೇಳಿದಳು. ದಿಮ್ಮಿಯಣ್ಣನಿಗೆ ಭಾವನ ಹೆಸರು ಬಂದದ್ದಕ್ಕೇ ಮೈ ಬಿಸಿಯಾಗಿತ್ತು.

"ನಡೆಸೋಕೆ ಹೇಳು. ನಡೆದದ್ದನ್ನ ತೆಗಿ," ಎಂದ. "ಅಷ್ಟು ಸಾಕು. ಕುದುರೆ ನೋಡಿ ನೋಡಿ ಕಣ್ಣು ಸವೆದಿದೆ ನಂಗೆ."

ಹೋದವಳು ಸಂಜೆಗೆ ಬರಬೇಕಿತ್ತು, ಮಾರನೆಯ ದಿನ ಬಂದಳು. ಅತ್ತೆ ಉಳಿಸಿಕೊಂಡರು ಎಂದಳು; ದಿಮ್ಮಿಯಣ್ಣನ ಅಕ್ಕನನ್ನು ಅವಳು ಅತ್ತೆ ಎನ್ನುತ್ತಿದ್ದಳು. ಹೆಗಲ ಮೇಲೆ ಅಕ್ಕ ಕೊಟ್ಟ ಹೊಸ ಉಣ್ಣೆಯ ಶಾಲು. ಬಿಸಿಲಿನ ದಿನಗಳಲ್ಲಿ ಉಣ್ಣೆಯ ಶಾಲು ಯಾತಕ್ಕೆ ಎಂದು ದಿಮ್ಮಿಯಣ್ಣನ ಮನಸ್ಸು ಒಂದು ಕ್ಷಣ ತಡೆಯಿತು, ಆದರೆ ವಿಡಿಯೋ ನೋಡುವ ಆತುರದಲ್ಲಿ ಮುಂದೆ ಹೋಯಿತು.

ವಿಡಿಯೋ ಎರಡಿದ್ದವು. ಒಂದರಲ್ಲಿ ಕುದುರೆ ಪೂರ್ತಿ ಕಾಣುತ್ತಿತ್ತು. ಕೆಂಚು ಬಣ್ಣ, ಅಗಲ ಎದೆ, ಬೆನ್ನು ಹಲಗೆಯ ಹಾಗೆ. ಆದರೆ ಅದು ನಡೆಯುತ್ತಿದ್ದದ್ದು ಕೊಯ್ಯದ ಹುಲ್ಲಿನಲ್ಲಿ. ಮೊಣಕಾಲಿನ ಕೆಳಗೆ ಏನೂ ಕಾಣದು. ಇನ್ನೊಂದರಲ್ಲಿ ಬೇಲಿಯ ಪಕ್ಕದ ಕಲ್ಲುಹಾದಿ. ಅಲ್ಲಿ ಕಂಡದ್ದು ಕುದುರೆಯ ತಲೆ, ಕೊರಳು, ಒಂದಿಷ್ಟು ಹೆಗಲು. ಆ ತಲೆಯೋ, ಚಿತ್ರ ಬರೆದು ಗೋಡೆಗೆ ತೂಗುಹಾಕಿದ ಹಾಗೆ ಪರದೆಯ ನಡುವೆ ನಿಂತಿತ್ತು. ಹಿಂದೆ ಬೇಲಿ ಸರಿಯುತ್ತಿತ್ತು. ಎರಡಕ್ಕೂ ಸೊಸೆ ಸಂಗೀತ ಬೇರೆ ಹಾಕಿದ್ದಳು.

"ಮನೆ ತೋರಿಸೋ ಹಾಗೆ ತೋರಿಸಿದ್ದೀಯಲ್ಲಮ್ಮ ಕುದುರೇನ," ಎಂದ. "ಕಾಲೆಲ್ಲಿ?"

ನಡೆದದ್ದನ್ನು ತೆಗಿ ಎಂದಿರಿ, ತೆಗೆದೆ ಎಂದಳು ಅವಳು. ಹುಲ್ಲಿನಲ್ಲಿ ನಡೆಸಿದ್ದು ಯಾರು ಎಂದು ಕೇಳಿದ. ಭಾವ. ಕಲ್ಲುಹಾದಿಯಲ್ಲಿ ತಲೆಯನ್ನಷ್ಟೇ ತೆಗಿ ಅಂದದ್ದು ಯಾರು? ಯಾರೂ ಅಲ್ಲ, ಮುಖ ಚೆನ್ನಾಗಿತ್ತು, ಅದಕ್ಕೆ. ದಿಮ್ಮಿಯಣ್ಣ ಹೂಂ ಎಂದ. ಅವನ ಹೂಂ ಒಪ್ಪಿಗೆಯದಲ್ಲ ಎಂಬುದು ಆ ಮನೆಯ ಮುದಿ ಕುದುರೆಗೂ ಗೊತ್ತಿತ್ತು.

ಅನುಮಾನ ಒಮ್ಮೆ ಹೊಕ್ಕರೆ ಅದಕ್ಕೆ ಮೇವು ತಾನಾಗಿ ಸಿಗುತ್ತದೆ. ಅವನು ವಿಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಸಂಗೀತದ ಕಾಟ ಬೇಡವೆಂದು ಸದ್ದು ಅಡಗಿಸಿ, ಹೊಲಿಗೆ ಹಾಕುತ್ತ ನೋಡಿದ, ಮೇವು ಹಾಕುತ್ತ ನೋಡಿದ. ಇಷ್ಟು ನಯವಾಗಿ ಯಾವ ಕುದುರೆಯೂ ನಡೆಯುವುದಿಲ್ಲ. ಕುದುರೆ ಎಂದಮೇಲೆ ತಲೆ ಅಲ್ಲಾಡಬೇಕು, ಕಿವಿ ಕುಣಿಯಬೇಕು. ಇದು ಎಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತದಲ್ಲ?

ಸೊಸೆಯನ್ನೇ ಕರೆದು ಕೇಳಿದ. ಅವಳು ನಕ್ಕು, ಕೋಲನ್ನು ತಂದು ಫೋನ್ ಸಿಕ್ಕಿಸಿ ಅವನ ಕೈಗೇ ಕೊಟ್ಟಳು. ನಡೆಯಿರಿ ಎಂದಳು. ಅವನು ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟ. ಕೈ ಎಡಕ್ಕೆ ವಾಲಿದರೂ ಫೋನು ವಾಲಲಿಲ್ಲ. ಬೇಕೆಂದೇ ಮಣಿಕಟ್ಟು ತಿರುಚಿದ. ಫೋನು ಗುಂಯ್ ಎಂದು ನೆಟ್ಟಗೇ ಉಳಿಯಿತು. ಒಳಗೆ ಮೂರು ಸಣ್ಣ ಮೋಟರುಗಳಿವೆ, ಕೈ ಯಾವ ಕಡೆ ಅದುರಿದರೂ ಅವು ಎದುರು ಕಡೆ ತಿರುಗುತ್ತವೆ ಎಂದು ಅವಳು ವಿವರಿಸಿದಳು. ಮೇಲೆ ಕೆಳಗೆ ಕುಲುಕುವುದು ಮಾತ್ರ ಅದರ ಕೈಗೆ ಪೂರ್ತಿ ನಿಲುಕುವುದಿಲ್ಲ, ಅದಕ್ಕೆ ತುಂಬಿದ ಕೊಡ ಹೊತ್ತವರ ಹಾಗೆ ಮಂಡಿ ಬಗ್ಗಿಸಿ ನಡೆಯಬೇಕು. ಆಮೇಲೆ ಇನ್ನೊಂದು ಗುಂಡಿ ತೋರಿಸಿದಳು. ಪರದೆಯ ಮೇಲೆ ಮುದಿ ಕುದುರೆಯ ಮುಖವನ್ನು ಬೆರಳಿನಿಂದ ಮುಟ್ಟಿದಳು. ಮುಖದ ಸುತ್ತ ಒಂದು ಚೌಕ ಮೂಡಿತು. ಆಮೇಲೆ ಕುದುರೆ ತಲೆ ತಗ್ಗಿಸಿದರೆ ಫೋನೂ ತಗ್ಗಿತು, ಎತ್ತಿದರೆ ಎತ್ತಿತು. ಮುಖ ಯಾವಾಗಲೂ ನಟ್ಟನಡುವೆ.

ದಿಮ್ಮಿಯಣ್ಣ ಕೋಲನ್ನು ಅವಳ ಕೈಗೆ ವಾಪಸ್ಸು ಕೊಟ್ಟ. "ಅಂದ್ರೆ," ಎಂದ ನಿಧಾನವಾಗಿ, "ಕುದುರೆ ತಲೆದೂಗಿದ್ರೂ ಇದ್ರಲ್ಲಿ ಕಾಣಲ್ಲ."

"ಅಷ್ಟಾಗಿ ಕಾಣಲ್ಲ, ಮಾವ. ಅದು ಹೋದಲ್ಲಿ ಇದೂ ಹೋಗತ್ತಲ್ಲ."

ಮುಂಗಾಲು ನೋಯುವ ಕುದುರೆ ಆ ಕಾಲೂರುವಾಗ ತಲೆ ಎತ್ತುತ್ತದೆ. ಗಟ್ಟಿ ಕಾಲೂರುವಾಗ ತಗ್ಗಿಸುತ್ತದೆ. ಕುದುರೆ ಕೊಳ್ಳುವವರು ಮೊದಲು ನೋಡುವುದೇ ಈ ತಲೆದೂಗುವುದನ್ನು. ಈ ಕೋಲು ಸರಿಯಾಗಿ ಅದನ್ನೇ ನುಂಗುತ್ತದೆ. ಭಾವ ಹುಲ್ಲಿನಲ್ಲಿ ಕಾಲು ಮುಚ್ಚಿದ, ಕೋಲು ಕಲ್ಲಿನ ಮೇಲೆ ತಲೆ ಮುಚ್ಚಿತು. ಅವನು ಒಳಗೆ ಹೋಗಿ ವಿಡಿಯೋವನ್ನು ಮತ್ತೆ ಹಾಕಿದ. ಈ ಸಲ ಕುದುರೆಯನ್ನು ನೋಡಲಿಲ್ಲ, ಅದರ ಹಿಂದಿನ ಬೇಲಿಯನ್ನು ನೋಡಿದ.

ಬೇಲಿ ತಲೆದೂಗುತ್ತಿತ್ತು.

ಮೊದಲು ಕಣ್ಣಿನ ಭ್ರಮೆ ಎಂದುಕೊಂಡ. ಕನ್ನಡಕ ಒರೆಸಿ ನೋಡಿದ. ಕುದುರೆಯ ಮುಖ ಕಲ್ಲಿನಂತೆ ನಿಂತಿದ್ದರೆ, ಹಿಂದಿನ ಅಡ್ಡಪಟ್ಟಿಗಳು ಒಮ್ಮೆ ಆಳಕ್ಕೆ, ಒಮ್ಮೆ ತುಸುವೇ, ಮತ್ತೆ ಆಳಕ್ಕೆ, ಮತ್ತೆ ತುಸುವೇ ಏರಿಳಿಯುತ್ತಿದ್ದವು. ಅಚ್ಚುಕಟ್ಟಾದ ಕುಂಟು. ನೆಟ್ಟ ಬೇಲಿ ಕುಂಟಲಾರದು, ಕುಂಟಿದ್ದು ಕುದುರೆ. ಕೋಲು ಮುಖವನ್ನು ಹಿಡಿದಿಟ್ಟಿತು, ಮುಖದ ಪಾಪ ಹೋಗಿ ಬೇಲಿಯ ಮೇಲೆ ಕೂತಿತು.

ಆ ಮಧ್ಯಾಹ್ನವೇ ಇನ್ನೊಂದು ನಡೆಯಿತು. ಅವನು ಬಣವೆಯ ಈಚೆ ಹುಲ್ಲು ಎಳೆಯುತ್ತಿದ್ದಾಗ ಆಚೆಯಿಂದ ಸೊಸೆಯ ದನಿ ಕೇಳಿತು. ಫೋನಿನಲ್ಲಿ ಅಕ್ಕನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು.

"ಬೇಡ ಅತ್ತೆ, ದಮ್ಮಯ್ಯ. ಮಾವನಿಗೆ ಹೇಳಬೇಡಿ. ಅವರಿಗೆ ಗೊತ್ತಾಗೋದು ಬೇಡ."

ಆಮೇಲಿನದು ಗಾಳಿಗೆ ಹೋಯಿತು. ಕೇಳಿದಷ್ಟೇ ಅವನಿಗೆ ಸಾಕಾಗಿತ್ತು. ಶಾಲು ಯಾತಕ್ಕೆ ಬಂತು, ಒಂದು ರಾತ್ರಿ ಹೆಚ್ಚು ಯಾಕೆ ಉಳಿದಳು, ಎಲ್ಲ ಒಂದಕ್ಕೊಂದು ಕೂಡಿಕೊಂಡು ಸರಪಳಿಯಾದವು. ಅಕ್ಕನೂ ಇದರಲ್ಲಿದ್ದಾಳೆ ಎಂಬುದು ಅವನಿಗೆ ಹೆಚ್ಚು ಚುಚ್ಚಿತು.

ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿಗೇ ಉಳಿಯುತ್ತಿತ್ತು. ಇಟ್ಟುಕೊಳ್ಳಲಿಲ್ಲ. ಮಾರನೆಯ ದಿನ ಸಾಮಿಲ್ಲಿಗೆ ಹೋದವನು, ಗರಗಸ ನಿಲ್ಲಿಸಿ ಎಲ್ಲರೂ ಕೂತು ಉಣ್ಣುವ ಹೊತ್ತಿಗೆ ಫೋನು ತೆಗೆದ. ಮಿಲ್ಲಿನ ಮೇಸ್ತ್ರಿ ನೋಡಿದ, ಮರ ಅಳೆಯುವವನು ನೋಡಿದ, ದೂರದಿಂದ ಮರ ಕೊಳ್ಳಲು ಬಂದಿದ್ದ ಒಬ್ಬಾತನೂ ಕೊರಳು ಚಾಚಿ ನೋಡಿದ. ದಿಮ್ಮಿಯಣ್ಣ ಉಗುರಿನಿಂದ ಬೇಲಿಯನ್ನು ತೋರಿಸಿದ.

ಮೇಸ್ತ್ರಿ ಬಾಯೊಳಗಿನ ತುತ್ತು ಒಂದು ಪಕ್ಕಕ್ಕೆ ತಳ್ಳಿ, "ಬೇಲಿಗೇ ಲಾಳ ಹೊಡಿಸಬೇಕಲ್ಲೋ," ಎಂದ. ಎಲ್ಲರೂ ನಕ್ಕರು. ನಗುವಿನ ನಡುವೆ ದಿಮ್ಮಿಯಣ್ಣ ಭಾವನ ಹೆಸರು ಹೇಳಿದ, ನೀರಿಗೆ ಹೆದರುವ ಕುದುರೆಯ ಹಳೆಯ ಕಥೆಯನ್ನೂ ಹೇಳಿದ. ಕುಂಟು ಕುದುರೆಗೆ ನಯ ಬಳಿದು ಮಾರುತ್ತಾನೆ ಎಂದ. ಹೇಳುವಾಗ ಹಿತವಾಗಿಯೇ ಇತ್ತು.

ಮರ ಕೊಳ್ಳಲು ಬಂದಿದ್ದಾತ ಭಾವನ ಹತ್ತಿರ ಒಂದು ಕುದುರೆಮರಿಗೆ ಮಾತು ಕೊಟ್ಟಿದ್ದನಂತೆ. ಆತ ಆ ಸಂಜೆಯೇ ಮಾತು ಹಿಂದಕ್ಕೆ ತೆಗೆದುಕೊಂಡ. ಸುದ್ದಿಗೆ ಗುಡ್ಡ ಹತ್ತಲು ಎಷ್ಟು ಹೊತ್ತು? ಎರಡು ದಿನ ಕಳೆಯುವುದರೊಳಗೆ ಭಾವನ ಫೋನು ಬಂತು. ವರ್ಷಗಳ ಮೇಲೆ ಕೇಳಿದ ದನಿ.

"ನನ್ನ ಕುದುರೆ ಕುಂಟಾ?"

"ನಾನು ಹೇಳ್ತಿಲ್ಲ ಭಾವ. ನಿಮ್ಮ ಬೇಲಿ ಹೇಳ್ತಿದೆ."

ಭಾವ ಫೋನು ಇಟ್ಟುಬಿಟ್ಟ.

ಗೆದ್ದ ಹಾಗನಿಸಬೇಕಿತ್ತು, ಅನಿಸಲಿಲ್ಲ. ಆ ಕಿರಿಕಿರಿಯಲ್ಲಿ ಅವನು ಸೊಸೆಯ ಮೇಲೆ ತಿರುಗಿದ. ಅವಳು ಒಲೆಯ ಮುಂದೆ ಕೂತು ಪಾತ್ರೆ ಒರೆಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ತಾನು ಕಂಡದ್ದನ್ನು, ಬಣವೆಯ ಹಿಂದೆ ಕೇಳಿದ್ದನ್ನು, ಮಿಲ್ಲಿನಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳಿದ. ಕೊನೆಗೆ ಕೇಳಿದ:

"ಅವರ ಮನೆಯ ಒಂದು ಶಾಲಿಗೆ ಈ ಮನೇನ ಮಾರಿದ್ಯಾ?"

ಅವಳು ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಅಳಲಿಲ್ಲ. ಫೋನು ತೆಗೆದು ಏನೋ ಒತ್ತಿದಳು. ಅವನ ಜೇಬಿನಲ್ಲಿ ಸದ್ದಾಯಿತು.

"ಇದು ಮೊದಲು ತೆಗೆದದ್ದು, ಮಾವ. ಸಂಗೀತ ಹಾಕೋಕೆ ಮುಂಚಿಂದು. ಇದಕ್ಕೆ ನಾನು ಕೈ ಹಚ್ಚಿಲ್ಲ," ಎಂದಳು. "ನೋಡಿ. ನೋಡಿದ ಮೇಲೆ ಏನು ಬೇಕಾದ್ರೂ ಅನ್ನಿ."

ಎದ್ದು ಕೊಡ ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು.

ದಿಮ್ಮಿಯಣ್ಣ ಲಾಯಕ್ಕೆ ಹೋಗಿ ಹುಲ್ಲಿನ ಕಟ್ಟಿನ ಮೇಲೆ ಕೂತ. ನೋಡಿದ, ಅದೇ ಮುಖ, ಅದೇ ಬೇಲಿ, ಅದೇ ಕುಂಟು. ಇದರಲ್ಲಿ ಹೊಸದೇನು ಎಂದುಕೊಳ್ಳುತ್ತಿದ್ದಾಗ ಅವನ ಹೆಬ್ಬೆರಳು ತಾಗಿ ಸದ್ದು ಎದ್ದಿತು.

ಗಾಳಿ. ಎಲ್ಲೋ ಒಂದು ನಾಯಿ. ಕೋಲಿನ ಗುಂಯ್. ಅದರ ಮೇಲೆ ಕಲ್ಲಿಗೆ ಲಾಳ ತಾಗುವ ಸದ್ದು. ಅವನು ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದ. ಕಣ್ಣಿಗೆ ಮಣ್ಣೆರಚಬಹುದು, ಕಿವಿಗೆ ಎರಚಲಾಗುವುದಿಲ್ಲ. ನಾಲ್ಕು ಹೊಡೆತ, ಮತ್ತೆ ನಾಲ್ಕು. ಒಂದಕ್ಕೊಂದು ಸಮ. ಯಾವ ಹೊಡೆತವೂ ಅವಸರಪಡಲಿಲ್ಲ, ಯಾವುದೂ ಹಿಂಜರಿಯಲಿಲ್ಲ. ಕುಂಟುವ ಕುದುರೆ ಹೀಗೆ ನಡೆಯದು. ಅವನು ಮತ್ತೆ ಹಾಕಿದ, ಮತ್ತೆ ಸಮ.

ಹಾಗಾದರೆ ಬೇಲಿ?

ಮೂರನೆಯ ಸಲ ಕೇಳುವಾಗ ಲಾಳದ ಕೆಳಗಿನ ಇನ್ನೊಂದು ಸದ್ದು ಕಿವಿಗೆ ಬಿತ್ತು. ಫೋನಿಗೆ ಹತ್ತಿರದ, ಮೆತ್ತಗಿನ ಸದ್ದು. ಹಾದಿಯ ಪಕ್ಕದ ಜಲ್ಲಿಯ ಮೇಲೆ ಮನುಷ್ಯರ ಹೆಜ್ಜೆ. ಒಂದು ದೀರ್ಘ, ಒಂದು ಗಿಡ್ಡ. ಒಂದು ಊರಿದ್ದು, ಒಂದು ಊರಿದ ಕೂಡಲೇ ಕಿತ್ತದ್ದು.

ಅವನು ತಲೆಯೆತ್ತಿದ. ಲಾಯದ ಬಾಗಿಲಿನ ಚೌಕಟ್ಟಿನಲ್ಲಿ ಅಂಗಳ ಕಾಣುತ್ತಿತ್ತು. ಸೊಸೆ ತುಂಬಿದ ಕೊಡ ಹೊತ್ತು ಅಂಗಳ ದಾಟುತ್ತಿದ್ದಳು. ಮಂಡಿ ಬಗ್ಗಿಸಿ, ನೀರು ತುಳುಕದ ಹಾಗೆ, ಮೆಲ್ಲಗೆ. ಎಡಗಾಲು ಊರಿದಾಗ ಹೆಗಲು ತುಸು ಏರುತ್ತಿತ್ತು, ಬಲಗಾಲು ಊರಿದಾಗ ಆಳಕ್ಕೆ ಇಳಿಯುತ್ತಿತ್ತು. ದಿನಕ್ಕೆ ಎಷ್ಟು ಸಲ ಅವನ ಕಣ್ಣೆದುರು ದಾಟುವ ಅಂಗಳ ಅದು! ದಾರಿಯಲ್ಲಿ ಹೋಗುವ ಯಾರದೋ ಕುದುರೆ ಹೀಗೆ ನಡೆದಿದ್ದರೆ ಅವನು ಊಟ ಬಿಟ್ಟು ಎದ್ದು ಹೋಗಿ, ತಡೆದು, ಗೊರಸು ಎತ್ತಿ ನೋಡುತ್ತಿದ್ದ.

ಯಾವಾಗಿನಿಂದ ಎಂದು ಮನಸ್ಸು ಹಿಂದಕ್ಕೆ ಹೋಯಿತು. ದೂರ ಹೋಗಬೇಕಾಗಲಿಲ್ಲ. ಚಳಿ ಬಿಡುತ್ತಿದ್ದ ದಿನಗಳಲ್ಲಿ ಕಾಡಿನಲ್ಲಿ ಒಂದು ದಿಮ್ಮಿ ಸರಪಳಿಯಿಂದ ಜಾರಿ ಹೊರಳಿತ್ತು. ಅವನು ಕುದುರೆಯ ತಲೆಯ ಹತ್ತಿರವಿದ್ದ, ಅವಳು ಹಿಂದಿದ್ದಳು. ಅವಳು ಕೂಗಿದಳೋ ಇಲ್ಲವೋ ನೆನಪಿಲ್ಲ. ಅವನು ಓಡಿ ಬಂದು ಕುದುರೆಯ ಹಿಂಗಾಲು, ಮುಂಗಾಲು ಎಲ್ಲ ತಡವಿ ನೋಡಿದ್ದ. ದೇವರು ದೊಡ್ಡವನು, ಏನೂ ಆಗಿಲ್ಲ ಎಂದಿದ್ದ. ಅವಳು ಒಂದು ಮರಕ್ಕೆ ಕೈಕೊಟ್ಟು ನಿಂತಿದ್ದಳು. ನಡಿ ಎಂದಿದ್ದ. ನಡೆದಿದ್ದಳು.

ಕೊಡ ಇಳಿಸಿ ಬಂದವಳನ್ನು ಕರೆದ. ಲಾಯದ ಹೊಸ್ತಿಲ ಮೇಲೆ ಕೂರಲು ಹೇಳಿದ. ಅವನ ಕೈ ಅಭ್ಯಾಸಬಲದಿಂದ ಅವಳ ಪಾದದ ಕಡೆ ಚಾಚಿತು, ನಡುವೆಯೇ ನಿಂತಿತು. ಕುದುರೆಯ ಕಾಲಾದರೆ ಮಡಿಲಿಗೆ ಎತ್ತಿಕೊಳ್ಳುತ್ತಿದ್ದ. ಸೊಸೆಯ ಕಾಲನ್ನು ಮುಟ್ಟುವುದು ಹೇಗೆ, ಮುಟ್ಟದೆ ಕೇಳುವುದು ಹೇಗೆ, ಎರಡೂ ಅವನಿಗೆ ಗೊತ್ತಿರಲಿಲ್ಲ.

"ಯಾಕಮ್ಮ ಹೇಳಲಿಲ್ಲ?"

ಅವಳು ಉಗುರಿನಿಂದ ಹೊಸ್ತಿಲನ್ನು ಕೆರೆದಳು. "ಕಾಲು ಗಟ್ಟಿ ಇಲ್ಲದೋರು ಕಾಡಿಗೆ ಬರಬಾರದು ಅಂತ ನೀವೇ ದಿನಾ ಹೇಳ್ತೀರಲ್ಲ ಮಾವ. ಬೇಡ ಅಂದುಬಿಡ್ತೀರಿ ಅಂತ." ಕಾಲನ್ನು ಒಳಕ್ಕೆ ಎಳೆದುಕೊಂಡು, "ಇವರ ಹತ್ರ ಉಳುಕು ಅಂದಿದ್ದೆ. ಅತ್ತೆ ನೋಡಿದ ಕೂಡಲೇ ಹಿಡಿದುಬಿಟ್ಟರು. ರಾತ್ರಿಯೆಲ್ಲ ಶಾಖ ಕೊಟ್ಟರು. ಆ ಶಾಲು ದಾರೀಲಿ ಕಾಲಿಗೆ ಸುತ್ಕೊಂಡು ಬಾ ಅಂತ ಕೊಟ್ಟದ್ದು. ಮನೆ ಹತ್ರ ಬಂದಾಗ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ," ಎಂದಳು.

ಮಾರನೆಯ ದಿನ ಮಗ ಲಾರಿಯಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಪಾದದ ಸಣ್ಣ ಮೂಳೆಯೊಂದು ಬಿರುಕು ಬಿಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಮತ್ತೆ ಸರಿಮಾಡಿ ಪ್ಲಾಸ್ಟರು ಹಾಕಿದರು. ಒಂದೂವರೆ ತಿಂಗಳು ಕಾಲೂರಬಾರದು ಎಂದರು. ಇನ್ನಷ್ಟು ಬಿಟ್ಟಿದ್ದರೆ ಹಾಗೇ ಉಳಿಯುತ್ತಿತ್ತಂತೆ. ಮನೆಗೆ ಬಂದು ಮಗ ಅಪ್ಪನ ಮುಖ ನೋಡಲಿಲ್ಲ. ಅಪ್ಪ ಒಲೆ ಹೊತ್ತಿಸಿ, ಕಲಿಯದ ಕೈಯಲ್ಲಿ ಅಡುಗೆಗೆ ಇಟ್ಟ.

ಭಾವನಿಗೆ ಫೋನು ಮಾಡಿದ. ತಪ್ಪಾಯಿತು ಎಂದು ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಷ್ಟ ಆಮೇಲಿತ್ತು.

"ನನ್ನ ಹತ್ರ ಹೇಳಿ ಏನು?" ಎಂದ ಭಾವ. "ಯಾರ ಹತ್ರ ಹೇಳಿದ್ಯೋ ಅವರ ಹತ್ರ ಹೇಳು."

ಸಾಮಿಲ್ಲಿನಲ್ಲಿ ಊಟದ ಹೊತ್ತಿಗೇ ಹೋದ. ಮೇಸ್ತ್ರಿ ದೂರದಿಂದಲೇ, ಬೇಲಿಯ ಕಾಲು ಹೇಗಿದೆ ಎಂದು ಕೇಳಿದ. ದಿಮ್ಮಿಯಣ್ಣ ಕೂರಲಿಲ್ಲ. ಬೇಲಿಯೂ ಕುಂಟಲ್ಲ, ಕುದುರೆಯೂ ಕುಂಟಲ್ಲ, ಕುಂಟುತ್ತ ವಿಡಿಯೋ ತೆಗೆದವಳು ತನ್ನ ಸೊಸೆ, ಅವಳ ಕಾಲಿನ ಮೇಲೆ ದಿಮ್ಮಿ ಉರುಳಿದ ದಿನ ತಾನು ಕುದುರೆಯ ಕಾಲು ನೋಡುತ್ತಿದ್ದೆ ಎಂದು ಹೇಳಿದ. ಭಾವನ ಮೇಲೆ ಆಡಿದ್ದು ಸುಳ್ಳು ಎಂದ. ಯಾರೂ ನಗಲಿಲ್ಲ. ಮರ ಅಳೆಯುವವನು, ಇರಲಿ ಬಿಡು, ಕೂತು ಉಣ್ಣು ಎಂದ. ಮರ ಕೊಳ್ಳುವಾತ ಆ ದಿನ ಅಲ್ಲಿರಲಿಲ್ಲ. ಅವನಿಗೆ ಯಾರು ಹೇಳುತ್ತಾರೆ ಎಂದು ಕೇಳಿದರೆ, ಬಂದರೆ ಹೇಳೋಣ ಎಂದ ಮೇಸ್ತ್ರಿ. ಬಂದರೆ. ದಿಮ್ಮಿಯಣ್ಣ ಉಣ್ಣದೆ ಹೊರಟ.

ಮರುದಿನ ಬೆಳಿಗ್ಗೆ ಅವನು ಎಳೆಯುವ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಹೊಳೆ ದಾಟಿ ಗುಡ್ಡ ಹತ್ತಿದ. ಸರಪಳಿಯ ಭಾರಕ್ಕೆ ಸೊಂಟ ಹಿಡಿಯಿತು, ಇಳಿಸಲಿಲ್ಲ. ವರ್ಷಗಳಿಂದ ತುಳಿಯದ ಅಂಗಳ. ಅಕ್ಕ ಬಾಗಿಲಿಗೆ ಬಂದು ನೋಡಿದಳು, ಒಳಗೆ ಹೋಗಿ ನೀರು ತಂದಳು. ಭಾವ ಕೆಂಚು ಕುದುರೆಯನ್ನು ಬಿಚ್ಚಿ ತಂದ. ಕಲ್ಲುಹಾದಿಯಲ್ಲಿ ಬೇಲಿಯ ಉದ್ದಕ್ಕೂ ನಡೆಸಿದ, ಹಿಂದಕ್ಕೆ ಓಡಿಸಿದ. ದಿಮ್ಮಿಯಣ್ಣ ನೋಡಲು ಇಷ್ಟವಿಲ್ಲದೆ ನೋಡಿದ. ಅಷ್ಟು ಸೊಗಸಾಗಿ ಕಾಲೂರುವ ಕುದುರೆಯನ್ನು ಅವನು ಇತ್ತೀಚೆಗೆ ಕಂಡಿರಲಿಲ್ಲ.

ಭಾವ ಹಗ್ಗವನ್ನು ತಂದು ಅವನ ಕೈಗಿಟ್ಟ.

"ಇದು ನಿನ್ನ ಸೊಸೆಗೆ. ನಿನಗಲ್ಲ."

ದಿಮ್ಮಿಯಣ್ಣ ಏನೋ ಹೇಳಹೊರಟ. ಭಾವ ಕೈ ಎತ್ತಿ ತಡೆದ. ಕಾಲು ವಾಸಿಯಾದ ಮೇಲೆ ಅವಳು ಆ ಕೋಲು ಹಿಡಿದುಕೊಂಡು ಬರಲಿ, ಮಾರಬೇಕಾದ ಮರಿಗಳಿವೆ, ವಿಡಿಯೋ ತೆಗೆದುಕೊಡಲಿ, ಅಲ್ಲಿಗೆ ಅವಳ ಮುಯ್ಯಿ ತೀರುತ್ತದೆ ಎಂದ. ಕಾಲು ಕಾಣುವ ಹಾಗೆ ತೆಗೆಯಬೇಕು ಎಂದು ಮಾತ್ರ ಅವಳಿಗೆ ಹೇಳು ಎಂದೂ ಸೇರಿಸಿದ.

"ಮತ್ತೆ ನಂದು, ಭಾವ? ಮರ ಎಳೆದುಕೊಡ್ತೀನಿ ಅಂದಿದ್ದೆ. ಸರಪಳಿ ತಂದಿದ್ದೀನಿ. ಇವತ್ತೇ ಶುರು ಮಾಡ್ತೀನಿ."

ಭಾವ ಇಳಿಜಾರಿನ ಕಡೆ ನೋಡಿದ. ಅಲ್ಲಿ ಮರಗಳು ಬಿದ್ದಿದ್ದವು, ಕಡಿದ ತುದಿಗಳು ಬಿಸಿಲಿಗೆ ಸೀಳಿದ್ದವು.

"ನಿಂದೇನೂ ಇಲ್ಲ," ಎಂದ. "ಮೋಡ ಕಟ್ತಿದೆ. ಹೊಳೆ ಏರೋ ಮುಂಚೆ ದಾಟಿಕೋ."

ಅಕ್ಕ ಗೇಟಿನವರೆಗೆ ಬಂದಳು. ಸೊಸೆಯ ಕಾಲಿನ ಬಗ್ಗೆ ಕೇಳಿದಳು, ರಾತ್ರಿ ನೋವಿರುತ್ತದೆಯೇ, ಕಾಲನ್ನು ಎತ್ತರಕ್ಕೆ ಇಟ್ಟು ಮಲಗುತ್ತಾಳೆಯೇ ಎಂದು ಕೇಳಿದಳು. ಇನ್ನೇನನ್ನೂ ಕೇಳಲಿಲ್ಲ. ಬೇರೆ ಸಲವಾಗಿದ್ದರೆ ಗಂಡನ ಮಾತಿನ ಖಾರ ತೆಗೆದು ಇನ್ನೊಮ್ಮೆ ಹೇಳುತ್ತಿದ್ದಳು. ಈ ಸಲ ಇದ್ದ ಹಾಗೆಯೇ ಬಿಟ್ಟಳು.

ಅವನು ಇಳಿಯತೊಡಗಿದ. ಮೊದಲ ತಿರುವಿನಲ್ಲಿ ಕುದುರೆ ತಾನಾಗಿ ನಿಂತು, ಬಿಟ್ಟುಬಂದ ಮನೆಯ ಕಡೆ ತಿರುಗಿತು. ಅವನೂ ತಿರುಗಿದ. ಭಾವ ಒಬ್ಬನೇ ಇಳಿಜಾರಿಗೆ ಹೋಗಿ, ಒಂದು ದಿಮ್ಮಿಯ ಅಡಿಗೆ ಹಾರೆ ಕೊಟ್ಟು ಮೀಟುತ್ತಿದ್ದ. ಹಾರೆ ಜಾರಿತು, ಮತ್ತೆ ಕೊಟ್ಟ. ಈ ಕುದುರೆ, ಈ ಸರಪಳಿ ಇದ್ದರೆ ಅದೆಲ್ಲ ಕೆಲವೇ ದಿನದ ಕೆಲಸ. ಆ ಕೆಲವು ದಿನಗಳನ್ನು ಅವನು ಮನೆಯಿಂದ ಹೊತ್ತು ತಂದಿದ್ದ, ತೆಗೆದುಕೊಳ್ಳುವವರು ಇರಲಿಲ್ಲ.

ಮೊದಲ ಹನಿ ಸರಪಳಿಯ ಮೇಲೆ ಬಿತ್ತು. ದಿಮ್ಮಿಯಣ್ಣ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಸೊಸೆಯ ಕುದುರೆಯನ್ನು ಹಿಡಿದು ಹೊಳೆಯ ಕಡೆ ನಡೆದ.